ಮಷೀನ್ ಮೇಲೆ 45 ನಿಮಿಷ, ರಸ್ತೆ ಮೇಲೆ 8 ನಿಮಿಷ: ದಮ್ಮು ಎಲ್ಲಿ ಹೋಯಿತು?

ಪ್ರಶ್ನೆ: ನನಗೆ 38 ವರ್ಷ, ತೂಕ 72 ಕೆಜಿ. ಎಂಟು ತಿಂಗಳಿಂದ ವಾರಕ್ಕೆ ಐದು ದಿನ ಜಿಮ್‌ನಲ್ಲಿ ಎಲಿಪ್ಟಿಕಲ್ (ನಿಂತುಕೊಂಡು ಪೆಡಲ್ ತುಳಿಯುವ ಮಷೀನ್) ಮೇಲೆ 45 ನಿಮಿಷ ಮಾಡುತ್ತಿದ್ದೇನೆ. ಆರಾಮಾಗಿ ಮುಗಿಯುತ್ತದೆ, ವಾಚ್‌ನಲ್ಲಿ ಎದೆಬಡಿತ 130ರ ಆಸುಪಾಸು ಇರುತ್ತದೆ. ಕಳೆದ ವಾರ ಗೆಳೆಯನೊಬ್ಬ ಓಡೋಣ ಬಾ ಅಂತ ಕರೆದ. 8 ನಿಮಿಷಕ್ಕೇ ನಿಂತುಬಿಟ್ಟೆ. ಅಷ್ಟರಲ್ಲಿ 1.5 ಕಿಲೋಮೀಟರ್ ಆಗಿತ್ತು. ಮೊಣಕಾಲಿನ ಕೆಳಗೆ, ಕಾಲಿನ ಮುಂದಿನ ಮೂಳೆ ಮೂರು ದಿನ ನೋಯಿತು. ಎಂಟು ತಿಂಗಳು ಸುಮ್ನೆ ಹೋಯ್ತಾ? ಫಿಟ್‌ನೆಸ್ ಬೆಳೆಸೋಕೆ ಓಟ ಒಳ್ಳೆಯದಾ, ಮಷೀನ್ ಒಳ್ಳೆಯದಾ? ಓಡಿದರೆ ಮೊಣಕಾಲು ಸವೆಯುತ್ತದೆ ಅಂತಾರಲ್ಲ, ನಿಜವಾ? ಇನ್ನೊಂದು ಚಿಕ್ಕ ಪ್ರಶ್ನೆ: ಮಷೀನ್ 520 ಕ್ಯಾಲರಿ ಅನ್ನುತ್ತದೆ, ವಾಚ್ 340 ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಎಂಟು ತಿಂಗಳು ಸುಮ್ನೆ ಹೋಗಿಲ್ಲ. ಆ ದಿನ ನಿಮ್ಮನ್ನು ನಿಲ್ಲಿಸಿದ್ದು ಏನು ಅಂತ ಮೊದಲು ನೋಡೋಣ. ಅದರ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ.

8 ನಿಮಿಷಕ್ಕೆ 1.5 ಕಿಲೋಮೀಟರ್ ಅಂದರೆ ಗಂಟೆಗೆ 11 ಕಿಲೋಮೀಟರ್ ದಾಟಿತು. ನಿಮ್ಮ ಗೆಳೆಯನಿಗೆ ಅದು ಮಾತಾಡಿಕೊಂಡು ಓಡುವ ವೇಗ ಇರಬಹುದು. ಮೊದಲ ಸಲ ರಸ್ತೆಗಿಳಿದವರಿಗೆ ಅದು ರೇಸು. ಓಟಕ್ಕೆ ಎಷ್ಟು ಆಮ್ಲಜನಕ ಬೇಕು ಅಂತ ಅಂದಾಜು ಮಾಡಲು ಒಂದು ಸರಳ ಸೂತ್ರ ಇದೆ. ನಿಮಿಷಕ್ಕೆ ಎಷ್ಟು ಮೀಟರ್ ಓಡುತ್ತೀರೋ ಅದನ್ನು 0.2ರಿಂದ ಗುಣಿಸಿ, 3.5 ಕೂಡಿಸಿ. ನಿಮ್ಮ ಆ ದಿನದ ವೇಗಕ್ಕೆ ಲೆಕ್ಕ ಹಾಕಿದರೆ, ದೇಹದ ಪ್ರತಿ ಕೆಜಿ ತೂಕಕ್ಕೆ ನಿಮಿಷಕ್ಕೆ ಸುಮಾರು 41 ಮಿಲಿಲೀಟರ್ ಆಮ್ಲಜನಕ. ಹದವಾಗಿ ವ್ಯಾಯಾಮ ಮಾಡುವ, ನಿಮ್ಮ ವಯಸ್ಸಿನ ಎಷ್ಟೋ ಜನರಿಗೆ ಅದೇ ಗರಿಷ್ಠ. ಅಂದರೆ ನೀವು ನಿಮ್ಮ ಮಿತಿಯ ಅಂಚಿನಲ್ಲಿ ಎಂಟು ನಿಮಿಷ ಎಳೆದಿದ್ದೀರಿ. ಎಂಟು ತಿಂಗಳ ಹಿಂದೆ ಆಗಿದ್ದರೆ ಮೂರನೇ ನಿಮಿಷಕ್ಕೇ ಕೂತುಬಿಡುತ್ತಿದ್ದಿರೇನೋ.

ಓಟದ ದೊಡ್ಡ ತೊಂದರೆ ಏನೆಂದರೆ ಅದಕ್ಕೆ ಸಣ್ಣ ಗೇರ್ ಇಲ್ಲ. ಗಂಟೆಗೆ ಐದೂವರೆ ಕಿಲೋಮೀಟರ್ ವೇಗದಲ್ಲಿ ಬಿರುಸಾಗಿ ನಡೆಯಲು ಬೇಕಾದ ಆಮ್ಲಜನಕಕ್ಕಿಂತ, ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಮೆಲ್ಲಗೆ ಓಡಲು ಎರಡು ಪಟ್ಟಿಗಿಂತ ಜಾಸ್ತಿ ಬೇಕು. ನಡಿಗೆ ಬಿಟ್ಟು ಓಟಕ್ಕೆ ಕಾಲಿಟ್ಟ ತಕ್ಷಣ ಖರ್ಚು ದಿಢೀರನೆ ಏರುತ್ತದೆ. ಎಲಿಪ್ಟಿಕಲ್‌ನಲ್ಲಿ, ಸೈಕಲ್‌ನಲ್ಲಿ ಹಾಗಿಲ್ಲ. ಲೆವೆಲ್ ಒಂದು, ಎರಡು, ಮೂರು ಅಂತ ಇಷ್ಟಿಷ್ಟೇ ಏರಿಸಿಕೊಂಡು ಹೋಗಬಹುದು. ಹೊಸಬರಿಗೆ ಮಷೀನ್ ಇಷ್ಟವಾಗುವುದು ಇದಕ್ಕೇ, ಮತ್ತು ಇದರಲ್ಲಿ ತಪ್ಪೇನೂ ಇಲ್ಲ.

ಈಗ ಒಳಗೆ ಏನಾಗಿದೆ ನೋಡೋಣ. ಸುಮ್ಮನೆ ಕೂತಿದ್ದಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ತರಬೇತಿ ಇಲ್ಲದವರು ಜೀವ ಬಿಟ್ಟು ದುಡಿದಾಗ ಅದು 20 ಲೀಟರ್‌ವರೆಗೆ ಹೋಗುತ್ತದೆ. ಪಳಗಿದ ದೂರದ ಓಟಗಾರರಲ್ಲಿ, ಸೈಕಲ್ ಸವಾರರಲ್ಲಿ 35 ಲೀಟರ್ ಮುಟ್ಟುವುದುಂಟು. ವ್ಯಾಯಾಮ ಶುರು ಮಾಡಿದ ಮೊದಲ ಒಂದೆರಡು ವಾರದಲ್ಲೇ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಕಳಿಸುತ್ತದೆ. ಈ ಲಾಭಕ್ಕೂ ನೀವು ಯಾವ ಯಂತ್ರ ಹತ್ತಿದಿರಿ ಅನ್ನುವುದಕ್ಕೂ ಹೆಚ್ಚು ಸಂಬಂಧ ಇಲ್ಲ. ದೊಡ್ಡ ಸ್ನಾಯುಗಳು ದುಡಿಯಬೇಕು, ಸಾಕಷ್ಟು ಹೊತ್ತು ದುಡಿಯಬೇಕು, ಅಷ್ಟೆ. ಎಂಟು ತಿಂಗಳಲ್ಲಿ ನೀವು ಗಳಿಸಿದ್ದರಲ್ಲಿ ಹೆಚ್ಚಿನ ಪಾಲು ಇದು. ಓಟಕ್ಕೂ ಇದು ಹಾಗೇ ಬರುತ್ತದೆ.

ಬಾರದೇ ಇರುವುದು ಕಾಲಿನ ಕೆಲಸ. ಬೆಂಗ್ಟ್ ಸಾಲ್ಟಿನ್ ಅಂತ ಸ್ವೀಡನ್ನಿನ ದೊಡ್ಡ ವ್ಯಾಯಾಮ ವಿಜ್ಞಾನಿ ಇದ್ದರು. ಅವರೂ ಜೊತೆಗಾರರೂ 1976ರಲ್ಲಿ ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಒಂದೇ ಕಾಲಿನಲ್ಲಿ ಸೈಕಲ್ ತುಳಿಸಿದರು, ಇನ್ನೊಂದು ಕಾಲಿಗೆ ತರಬೇತಿ ಇಲ್ಲ. ಹೃದಯ ಒಂದೇ, ರಕ್ತ ಒಂದೇ, ಮನುಷ್ಯ ಒಬ್ಬನೇ. ಆದರೆ ಆಮ್ಲಜನಕ ಬಳಸುವ ಶಕ್ತಿ ಸ್ನಾಯುವಿನೊಳಗೆ ಹೆಚ್ಚಿದ್ದು ತುಳಿದ ಕಾಲಿನಲ್ಲಿ ಮಾತ್ರ. ಪಕ್ಕದ ಕಾಲಿಗೆ ಸುದ್ದಿಯೇ ಮುಟ್ಟಿರಲಿಲ್ಲ! ಎಲಿಪ್ಟಿಕಲ್‌ನಲ್ಲಿ ತೊಡೆ ಮತ್ತು ಸೊಂಟದ ಸ್ನಾಯು ಚೆನ್ನಾಗಿ ದುಡಿಯುತ್ತವೆ. ಪಾದ ಪೆಡಲ್ ಮೇಲೆ ಅಂಟಿಕೊಂಡೇ ಇರುವುದರಿಂದ ಮೀನಖಂಡಕ್ಕೆ, ಹಿಮ್ಮಡಿ ಮೇಲಿನ ದಪ್ಪ ನರದಂಥ ಟೆಂಡನ್‌ಗೆ ಹೆಚ್ಚು ಕೆಲಸ ಬೀಳುವುದಿಲ್ಲ. ಓಟದಲ್ಲಿ ನಿಮ್ಮನ್ನು ಪ್ರತಿ ಹೆಜ್ಜೆಗೂ ಚಿಮ್ಮಿಸುವುದು ಅವೇ.

ಇನ್ನು ಮೂಳೆ ಕಥೆ. ಓಡುವಾಗ ಪಾದ ನೆಲಕ್ಕೆ ಬಿದ್ದಾಗಲೆಲ್ಲ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ವಾಪಸ್ ಬರುತ್ತದೆ. ನಿಮ್ಮದು 72 ಕೆಜಿ. ಎರಡೂವರೆ ಪಟ್ಟು ಅಂತ ಹಿಡಿದರೂ ಒಂದೊಂದು ಹೆಜ್ಜೆಗೆ 180 ಕೆಜಿ ಭಾರ, ಅದೂ ಒಂದೇ ಕಾಲಿನ ಮೇಲೆ. ನಿಮಿಷಕ್ಕೆ 160 ಹೆಜ್ಜೆ ಅಂದುಕೊಂಡರೆ ಎಂಟು ನಿಮಿಷಕ್ಕೆ 1,280 ಹೆಜ್ಜೆ, ಕಾಲಿಗೆ 640. ಅದಕ್ಕೆ ಹಿಂದಿನ ಎಂಟು ತಿಂಗಳಲ್ಲಿ ನಿಮ್ಮ ಕಾಲಿನ ಮೂಳೆ ಇಂಥ ಒಂದು ಏಟನ್ನೂ ತಿಂದಿರಲಿಲ್ಲ. ಮೂರು ದಿನ ನೋಯದೆ ಇನ್ನೇನು ಮಾಡೀತು?

ಮೂಳೆ ಅಂದರೆ ಸತ್ತ ಕಂಬ ಅಲ್ಲ. ಭಾರ ಬಿದ್ದರೆ ಅದು ಹಳೆಯ ಭಾಗವನ್ನು ಕೆರೆದು ತೆಗೆದು, ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಎಡವಟ್ಟು ಇರುವುದು ಕ್ರಮದಲ್ಲಿ. ತೆಗೆಯುವ ಕೆಲಸ ಮೊದಲ ಕೆಲವು ವಾರಗಳಲ್ಲೇ ಮುಗಿಯುತ್ತದೆ, ಕಟ್ಟುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ನಡುವಿನ ಹೊತ್ತಿನಲ್ಲಿ ಮೂಳೆ ಸ್ವಲ್ಪ ಬಡವಾಗಿರುತ್ತದೆ. ಹೊಸ ಓಟಗಾರರು ಮೊದಲ ವಾರ ಹೆದರಿಕೊಂಡು ಓಡುತ್ತಾರೆ, ಏನೂ ಆಗುವುದಿಲ್ಲ. ಮೂರು ನಾಲ್ಕು ವಾರಕ್ಕೆ ಉಸಿರು ಹಿಡಿತಕ್ಕೆ ಬಂದು ಖುಷಿಯಾಗಿ ಜೋರು ಮಾಡುತ್ತಾರೆ, ಸರಿಯಾಗಿ ಆಗಲೇ ಕಾಲು ಕೈಕೊಡುತ್ತದೆ. ಮಷೀನ್‌ನಿಂದ ಬಂದವರ ಪಾಡು ಇನ್ನೂ ನಾಜೂಕು. ಅವರ ಹೃದಯ ಇನ್ನೂ ಓಡು ಅನ್ನುತ್ತದೆ, ಮೂಳೆಗೆ ಆ ತಯಾರಿ ಇರುವುದಿಲ್ಲ. ಏದುಸಿರು ಬಂದರೆ ಯಾರೇ ಆದರೂ ನಿಲ್ಲುತ್ತಾರೆ. ಇವರಿಗೆ ಏದುಸಿರು ಬರುವುದೇ ತಡವಾಗಿ.

ಇದನ್ನು ನಾನೂ ಅನುಭವಿಸಿದ್ದೇನೆ, ಓಟ ಕಲಿಸುವುದೇ ಕೆಲಸ ಅಂತ ಇಟ್ಟುಕೊಂಡಿದ್ದರೂ. ಒಮ್ಮೆ ಕಾಲಿನ ಮೂಳೆಗೆ ಪೆಟ್ಟಾಗಿ ಏಳು ವಾರ ಓಟ ಬಂದ್. ಹಠಕ್ಕೆ ಬಿದ್ದು ದಿನಾ ಜಿಮ್ ಸೈಕಲ್ ತುಳಿದೆ. ವಾಪಸ್ ಬಂದ ಮೊದಲ ದಿನ ಗಾಳಿಯಲ್ಲಿ ತೇಲಿದ ಹಾಗಿತ್ತು. ಎರಡನೇ ದಿನವೂ ಹಾಗೇ. ಮೂರನೇ ಓಟದಲ್ಲಿ ಒಂದು ಸಣ್ಣ ಏರು ಹತ್ತುವಾಗ ಎಡ ಮೀನಖಂಡದೊಳಗೆ ಯಾರೋ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದೆ, ಹಿಂದೆ ಯಾರೂ ಇಲ್ಲ. ಸ್ನಾಯು ಹರಿದಿತ್ತು. ಇನ್ನೂ ನಾಲ್ಕು ವಾರ ಅದೇ ಸೈಕಲ್.

ಇಷ್ಟು ಹೇಳಿದ ಮೇಲೆ ನಿಮ್ಮ ಎರಡನೇ ಪ್ರಶ್ನೆ, ಯಾವುದು ಒಳ್ಳೆಯದು? ಯಾವುದಕ್ಕೆ ಅಂತ ಕೇಳಬೇಕಾಗುತ್ತದೆ. ಹೃದಯ, ಉಸಿರು, ಬಿಪಿ, ಸಕ್ಕರೆ, ತೂಕ ಇವುಗಳ ಮಟ್ಟಿಗೆ ನಾನು ಎರಡರ ನಡುವೆ ದೊಡ್ಡ ಫರಕು ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಯಂತ್ರದ ಹೆಸರೂ ಇಲ್ಲ, ರಸ್ತೆಯ ಹೆಸರೂ ಇಲ್ಲ. ವಾರಕ್ಕೆ 150ರಿಂದ 300 ನಿಮಿಷ ಹದವಾದ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ವ್ಯಾಯಾಮ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಕ್ಕೆ ಏನಾದರೂ. ವಾರಕ್ಕೆ 225 ನಿಮಿಷ ನೀವು ಆಗಲೇ ಮಾಡುತ್ತಿದ್ದೀರಿ. ಮೂಳೆ ಗಟ್ಟಿಯಾಗಬೇಕು ಅಂದರೆ ಮಾತ್ರ ಓಟಕ್ಕೆ ನನ್ನ ಓಟು, ನೆಲಕ್ಕೆ ಬೀಳುವ ಏಟೇ ಅಲ್ಲಿ ಔಷಧಿ. ವರ್ಷಗಟ್ಟಲೆ ಸೈಕಲ್ ಒಂದನ್ನೇ ತುಳಿಯುವವರ ಬೆನ್ನುಮೂಳೆ ಸಾಂದ್ರತೆ ಕಡಿಮೆ ಇರುವುದು ಮತ್ತೆ ಮತ್ತೆ ಕಂಡುಬಂದಿದೆ.

ಮಷೀನ್‌ಗಳೆಲ್ಲ ಒಂದೇ ಅಂದುಕೊಳ್ಳುವುದೂ ಬೇಡ. ಓಟಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಟ್ರೆಡ್‌ಮಿಲ್. ಬೆಲ್ಟ್ ಕಾಲನ್ನು ಹಿಂದಕ್ಕೆ ಎಳೆದುಕೊಡುತ್ತದೆ, ಅದಕ್ಕೇ ಸುಲಭ ಅಂತ ಜಿಮ್‌ಗಳಲ್ಲಿ ಹೇಳುತ್ತಾರೆ. ಅದು ಸರಿಯಲ್ಲ. ಬೆಲ್ಟ್ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ನೆಲದ ಮೇಲೆ ಓಡುವುದಕ್ಕೂ ಅದರ ಮೇಲೆ ಓಡುವುದಕ್ಕೂ ಭೌತಶಾಸ್ತ್ರದ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಇಲ್ಲದೇ ಇರುವುದು ಎದುರುಗಾಳಿ ಮಾತ್ರ. ಅದನ್ನು ಸರಿದೂಗಿಸಲು ಬೆಲ್ಟನ್ನು 1% ಏರಿಸಿ ಅನ್ನುವ ಸಲಹೆ 1996ರ ಒಂದು ಬ್ರಿಟಿಷ್ ಅಧ್ಯಯನದಿಂದ ಬಂತು. ಅದರಲ್ಲಿ ನೋಡಿದ್ದು ಗಂಟೆಗೆ 10.5ರಿಂದ 18 ಕಿಲೋಮೀಟರ್ ವೇಗದ ಓಟ. ಎಂಟರ ವೇಗದಲ್ಲಿ ಓಡುವವರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಾಳಿ ಇಲ್ಲದ್ದರಿಂದ ಆಗುವ ನಿಜವಾದ ತೊಂದರೆ ಬೇರೆ: ಬೆವರು ಆರುವುದಿಲ್ಲ, ಮೈ ಕಾಯುತ್ತದೆ, ಅದೇ ವೇಗಕ್ಕೆ ಎದೆಬಡಿತ ಮೇಲೇರುತ್ತಾ ಹೋಗುತ್ತದೆ. ಎದುರಿಗೆ ಫ್ಯಾನ್ ಇರುವ ಟ್ರೆಡ್‌ಮಿಲ್ ಹುಡುಕಿ ಹತ್ತಿ. ಹ್ಯಾಂಡಲ್ ಹಿಡಿದು ಓಡಬೇಡಿ. ಹಿಡಿಯಬೇಕು ಅನ್ನಿಸಿದರೆ ವೇಗ ಜಾಸ್ತಿ ಆಗಿದೆ ಅಂತ ಅರ್ಥ.

ಟ್ರೆಡ್‌ಮಿಲ್ ಬೋರು ಅನ್ನುವವರಿಗೆ ನಾನು ಒಂದು ಹಳೆಯ ವಿಷಯ ಹೇಳುತ್ತಿರುತ್ತೇನೆ. ಈ ಹೆಸರು ಮೊದಲು ಇದ್ದದ್ದು ಬ್ರಿಟನ್ನಿನ ಜೈಲುಗಳಲ್ಲಿ. ವಿಲಿಯಂ ಕ್ಯೂಬಿಟ್ ಅನ್ನುವ ಎಂಜಿನಿಯರ್ 1818ರ ಹೊತ್ತಿಗೆ ಕೈದಿಗಳು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕಾದ ಮೆಟ್ಟಿಲುಚಕ್ರ ಮಾಡಿಕೊಟ್ಟ. 1898ರ ಕಾಯ್ದೆಯ ನಂತರ ಆ ಶಿಕ್ಷೆ ನಿಂತುಹೋಯಿತು. ನಾವು ಈಗ ದುಡ್ಡು ಕೊಟ್ಟು ಹತ್ತುತ್ತೇವೆ. ಬೋರಾದರೆ ಅದರದ್ದೇನೂ ತಪ್ಪಿಲ್ಲ ಬಿಡಿ.

ಜಿಮ್ ಸೈಕಲ್‌ನಲ್ಲಿ ಉಸಿರಿಗಿಂತ ಮೊದಲು ತೊಡೆ ಉರಿಯುತ್ತದೆ. ಅದಕ್ಕೇ ರೂಢಿ ಇಲ್ಲದವರ ಗರಿಷ್ಠ ಆಮ್ಲಜನಕ ಬಳಕೆ ಟ್ರೆಡ್‌ಮಿಲ್‌ಗಿಂತ ಸೈಕಲ್ ಮೇಲೆ ಕಡಿಮೆ ಬರುತ್ತದೆ, ಎದೆಬಡಿತವೂ ಅಷ್ಟು ಏರುವುದಿಲ್ಲ. ತೂಕ ಜಾಸ್ತಿ ಇರುವವರಿಗೆ, ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯ ಶುರುವಾತು ಇಲ್ಲ. ಮೆಟ್ಟಿಲು ಮಷೀನ್ ಒಳ್ಳೆಯದೇ, ಕೈಮೇಲೆ ಭಾರ ಹಾಕಿ ಮುಂದಕ್ಕೆ ಬಾಗಿ ನೇತಾಡದಿದ್ದರೆ.

ದೋಣಿಗೆ ಹುಟ್ಟು ಹಾಕುವ ಹಾಗೆ ಕೂತು ಎಳೆಯುವ ರೋಯಿಂಗ್ ಮಷೀನ್ ನನ್ನ ಮೆಚ್ಚಿನದು, ಆದರೆ ಅದರ ಮೇಲೆ ಸರಿಯಾಗಿ ಕೂರುವವರು ಹತ್ತಕ್ಕೆ ಇಬ್ಬರು. ಎಲ್ಲರೂ ಕೈಯಿಂದ ಎಳೆಯುತ್ತಾರೆ. ಅದು ಕಾಲಿನ ಯಂತ್ರ. ಮೊದಲು ಪಾದದಿಂದ ತಳ್ಳಬೇಕು, ಕಾಲು ಹತ್ತಿರ ಹತ್ತಿರ ನೇರವಾದ ಮೇಲೆ ಬೆನ್ನು ಹಿಂದಕ್ಕೆ ಬರಬೇಕು, ಕೊನೆಗೆ ಕೈ. ವಾಪಸ್ ಹೋಗುವಾಗ ಉಲ್ಟಾ: ಕೈ, ಬೆನ್ನು, ಕಾಲು. ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ತಿರುಗುವ ಒಂದು ಲಿವರ್ ಇರುತ್ತದೆ, ಬಂದವರೆಲ್ಲ ಅದನ್ನು 10ಕ್ಕೆ ತಿರುಗಿಸಿಬಿಡುತ್ತಾರೆ. ಅದು ಕಷ್ಟದ ಲೆವೆಲ್ ಅಲ್ಲ, ಒಳಗೆ ಬರುವ ಗಾಳಿಯ ಪ್ರಮಾಣ. ಸೈಕಲ್ ಗೇರ್ ಇದ್ದ ಹಾಗೆ. ನಾಲ್ಕರಲ್ಲಿಟ್ಟು ಜೋರಾಗಿ ತಳ್ಳಿದರೂ ದಮ್ಮು ಕಟ್ಟುತ್ತದೆ, ಸೊಂಟವೂ ಉಳಿಯುತ್ತದೆ.

ಇನ್ನು ನಿಮ್ಮ ಎಲಿಪ್ಟಿಕಲ್. ನಿಜ ಹೇಳಬೇಕೆಂದರೆ, ಅದನ್ನು ಮೋಸ ಮಾಡುವಷ್ಟು ಸುಲಭವಾಗಿ ಬೇರೆ ಯಾವ ಯಂತ್ರವನ್ನೂ ಮೋಸ ಮಾಡಲಾಗದು. ಒಮ್ಮೆ ಚಕ್ರಕ್ಕೆ ವೇಗ ಬಂದರೆ ಅದರ ಓಘವೇ ಕಾಲನ್ನು ತಿರುಗಿಸಿಕೊಂಡು ಹೋಗುತ್ತದೆ. ಮುಂದಿನ ಸಲ ಇದನ್ನು ಪರೀಕ್ಷೆ ಮಾಡಿ ನೋಡಿ. ನಿಮ್ಮ ದಿನದ ಲೆವೆಲ್‌ನಲ್ಲೇ ಇರಿ, ಹ್ಯಾಂಡಲ್ ಬಿಡಿ, ಬೆನ್ನು ನೇರ ಮಾಡಿ, ಹಿಮ್ಮಡಿ ಪೆಡಲ್‌ಗೆ ತಾಗಿರಲಿ. ಎರಡು ನಿಮಿಷಕ್ಕೆ ಎದೆಬಡಿತ ಏರಿತಾ? ಹಾಗಿದ್ದರೆ ಇಷ್ಟು ದಿನ ಒಂದು ಪಾಲು ಕೆಲಸವನ್ನು ಹ್ಯಾಂಡಲ್ ಮಾಡುತ್ತಿತ್ತು.

ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 'ಆರಾಮಾಗಿ ಮುಗಿಯುತ್ತದೆ' ಅನ್ನುವ ಮಾತು. ಎಂಟು ತಿಂಗಳಿಂದ ಅದೇ 45 ನಿಮಿಷ, ಅದೇ 130. ದೇಹಕ್ಕೆ ಇದು ಮೂರನೇ ತಿಂಗಳಿಗೇ ಬಾಯಿಪಾಠ ಆಗಿರುತ್ತದೆ. ವಯಸ್ಸಿನಿಂದ ಗರಿಷ್ಠ ಎದೆಬಡಿತ ಅಂದಾಜು ಮಾಡುವ ಹಳೆಯ ಲೆಕ್ಕ, 220ರಲ್ಲಿ ವಯಸ್ಸು ಕಳೆಯುವುದು, ನಿಮಗೆ 182 ಅನ್ನುತ್ತದೆ. 2001ರಲ್ಲಿ ಬಂದ ಸುಧಾರಿತ ಲೆಕ್ಕದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ಅದು 181 ಅನ್ನುತ್ತದೆ. ನಲವತ್ತರ ಆಸುಪಾಸಿನಲ್ಲಿ ಎರಡೂ ಒಂದೇ, ಅರವತ್ತರ ಹೊತ್ತಿಗೆ ಹಳೆಯದು 160, ಹೊಸದು 166. ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೆ ಈಚೆ ಆಗುವುದು ಮಾಮೂಲಿ. ಏನೇ ಆದರೂ 130 ಅಂದರೆ ನಿಮ್ಮ ಗರಿಷ್ಠದ ಸುಮಾರು 72%. ಹದವಾದ ಕೆಲಸ, ಚೆನ್ನಾಗಿದೆ. ಮೇಲಿನ ಭಾಗವನ್ನು ನೀವು ಮುಟ್ಟೇ ಇಲ್ಲ.

ಮೇಲಿನ ಭಾಗ ಮುಟ್ಟಿದರೆ ಏನಾಗುತ್ತದೆ? ನಾರ್ವೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತಕ್ಕಮಟ್ಟಿಗೆ ಫಿಟ್ ಆಗಿದ್ದ ಯುವಕರಿಗೆ ಎಂಟು ವಾರ, ವಾರಕ್ಕೆ ಮೂರು ದಿನ ತರಬೇತಿ ಕೊಟ್ಟರು. ಒಂದು ಗುಂಪು ಗರಿಷ್ಠ ಎದೆಬಡಿತದ 70%ನಲ್ಲಿ ನಿಧಾನಕ್ಕೆ 45 ನಿಮಿಷ ಓಡಿತು. ನಿಮ್ಮ ಎಲಿಪ್ಟಿಕಲ್ ದಿನಚರಿಗೆ ಎಷ್ಟು ಹತ್ತಿರ ಇದೆ ನೋಡಿ. ಇನ್ನೊಂದು ಗುಂಪು 90ರಿಂದ 95%ನಲ್ಲಿ ನಾಲ್ಕು ನಿಮಿಷ, ನಡುವೆ ಮೂರು ನಿಮಿಷ ಹಗುರ, ಹೀಗೆ ನಾಲ್ಕು ಸಲ. ಒಟ್ಟು ಕೆಲಸ ಎರಡಕ್ಕೂ ಸಮ ಇಟ್ಟಿದ್ದರು. ಎರಡನೇ ಗುಂಪಿನ ಗರಿಷ್ಠ ಆಮ್ಲಜನಕ ಬಳಕೆ ಸುಮಾರು 7% ಏರಿತು. ನಿಧಾನದ ಗುಂಪಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಹೊಸಬರಿಗೆ ನಿಧಾನದ ವ್ಯಾಯಾಮವೂ ಖಂಡಿತ ಫಲ ಕೊಡುತ್ತದೆ. ನೀವು ಹೊಸಬರಾಗಿ ಉಳಿದಿಲ್ಲ.

ಈಗ ನನ್ನ ಸಲಹೆ, ಸ್ವಲ್ಪ ಉಲ್ಟಾ ಅನ್ನಿಸಬಹುದು. ಬಹಳ ಜನ ಮಷೀನ್ ಮೇಲೆ ಆರಾಮಾಗಿ ಮಾಡಿ, ಓಡುವ ದಿನ ಜೀವ ಬಿಟ್ಟು ಓಡುತ್ತಾರೆ. ನೀವು ಅದನ್ನು ತಿರುಗಿಸಿ. ಹೃದಯಕ್ಕೆ ಕೊಡುವ ಕಷ್ಟದ ಕೆಲಸವನ್ನು ಎಲಿಪ್ಟಿಕಲ್ ಮೇಲೆ ಮಾಡಿ, ಅಲ್ಲಿ ಮೂಳೆಗೆ ಏಟಿಲ್ಲ. ಓಟವನ್ನು ನಾಚಿಕೆ ಆಗುವಷ್ಟು ನಿಧಾನ ಮಾಡಿ, ಅಲ್ಲಿ ತಯಾರಾಗಬೇಕಿರುವುದು ಕಾಲು ಮಾತ್ರ.

ವಾರದಲ್ಲಿ ಎರಡು ದಿನ ಓಟ ಸಾಕು, ನಡುವೆ ಕನಿಷ್ಠ ಎರಡು ದಿನ ಅಂತರ ಇರಲಿ. ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡು, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಒಟ್ಟು ಎಂಟು ನಿಮಿಷ ಓಟ, ಆ ದಿನ ಓಡಿದ್ದಷ್ಟೇ! ಆದರೆ ಮರುದಿನ ಕಾಲು ಏನನ್ನುತ್ತದೆ ನೋಡಿ. ಓಡುವಾಗ ಒಂದು ಪೂರ್ತಿ ವಾಕ್ಯ ಉಸಿರು ಕಡಿಯದೆ ಹೇಳುವ ಹಾಗಿರಬೇಕು. ಆಗದಿದ್ದರೆ ನಿಧಾನ ಮಾಡಿ. ಹೆಜ್ಜೆ ಚಿಕ್ಕದಾಗಿರಲಿ, ಪಾದ ಮೈಯಿಂದ ತುಂಬ ಮುಂದೆ ಬೀಳದಿರಲಿ. ಅದೇ ವೇಗದಲ್ಲಿ ಹೆಜ್ಜೆಗಳ ಸಂಖ್ಯೆ 5ರಿಂದ 10% ಹೆಚ್ಚು ಮಾಡಿದರೆ ಮೊಣಕಾಲಿಗೆ ಬೀಳುವ ಭಾರ ಇಳಿಯುತ್ತದೆ ಅಂತ ಅಳೆದು ನೋಡಿದ್ದಾರೆ. ಎರಡು ವಾರ ನೋವಿಲ್ಲದೆ ಕಳೆದರೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆಮೇಲೆ ಮೂರಕ್ಕೆ ಒಂದು. ಒಂದು ವಾರ ಮೈ ಒಪ್ಪದಿದ್ದರೆ ಅದೇ ವಾರವನ್ನು ಇನ್ನೊಮ್ಮೆ ಮಾಡಿ, ಯಾರೂ ಕೇಳುವುದಿಲ್ಲ. ಹತ್ತು ಹನ್ನೆರಡು ವಾರಕ್ಕೆ ನಿಲ್ಲದೆ ಅರ್ಧ ಗಂಟೆ ಓಡುವ ಮಟ್ಟಕ್ಕೆ ನಿಮ್ಮಂಥವರು ಬರುತ್ತಾರೆ. ಅದಕ್ಕಿಂತ ಬೇಗ ಬರಲು ಉಸಿರು ಒಪ್ಪುತ್ತದೆ, ನೀವು ಒಪ್ಪಬೇಡಿ.

ಎಲಿಪ್ಟಿಕಲ್ ಮೂರು ದಿನ ಇಟ್ಟುಕೊಳ್ಳಿ. ಅದರಲ್ಲಿ ಒಂದು ದಿನ ಕಷ್ಟದ ದಿನ: ಹತ್ತು ನಿಮಿಷ ಹಗುರವಾಗಿ ಮಾಡಿ, ನಂತರ ನಾಲ್ಕು ನಿಮಿಷ ಜೋರು, ಮೂರು ನಿಮಿಷ ಹಗುರ. ಮೊದಲ ಎರಡು ವಾರ ಇದು ಎರಡೇ ಸಲ, ಆಮೇಲೆ ಮೂರು, ಕೊನೆಗೆ ನಾಲ್ಕು. ಜೋರು ಅಂದರೆ ನಾಲ್ಕನೇ ನಿಮಿಷದ ಹೊತ್ತಿಗೆ ಎರಡು ಮೂರು ಪದಕ್ಕಿಂತ ಹೆಚ್ಚು ಆಡಲಾಗಬಾರದು, ಎದೆಬಡಿತ 160 ದಾಟಿರುತ್ತದೆ. ಲೆವೆಲ್ ಏರಿಸಿ, ಕಾಲಿನ ವೇಗವನ್ನಲ್ಲ. ಉಳಿದ ಎರಡು ದಿನ ನಿಮ್ಮ ಹಳೆಯ 45 ನಿಮಿಷವೇ ಇರಲಿ. ನಡುವೆ ಎಲ್ಲಾದರೂ ಎರಡು ಸಲ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಮೇಲೆತ್ತಿ ನಿಧಾನಕ್ಕೆ ಇಳಿಸುವ ವ್ಯಾಯಾಮ ಮಾಡಿ, ಮೊದಲು ಎರಡೂ ಕಾಲಿನಲ್ಲಿ, ರೂಢಿ ಆದ ಮೇಲೆ ಒಂದೊಂದೇ ಕಾಲಿನಲ್ಲಿ. ಎಂಟು ತಿಂಗಳು ರಜೆಯಲ್ಲಿದ್ದ ಮೀನಖಂಡವನ್ನು ಎಬ್ಬಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬಿಪಿ, ಸಕ್ಕರೆ ಇದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದರೆ, ಕಷ್ಟದ ದಿನ ಶುರು ಮಾಡುವ ಮೊದಲು ಡಾಕ್ಟರನ್ನು ಕಾಣಿ. ಮಾಡುವಾಗ ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಓಟ ಶುರು ಮಾಡುವ ಮೊದಲು ಆ ನೋಯುತ್ತಿದ್ದ ಮೂಳೆಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗಿನಿಂದ ಪಾದದ ಗಂಟಿನವರೆಗೆ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಒಂದು ಗೇಣು ಉದ್ದಕ್ಕೂ ಅಲ್ಲಲ್ಲಿ ಹರಡಿದ ನೋವಿದ್ದರೆ ಅದು ಹೊಸ ಓಟಗಾರರಿಗೆ ಬರುವ ಮಾಮೂಲಿ ನೋವು, ವಿಶ್ರಾಂತಿ ಕೊಟ್ಟು ನಿಧಾನಕ್ಕೆ ಶುರು ಮಾಡಿದರೆ ಹೋಗುತ್ತದೆ. ಬೆರಳ ತುದಿಯಷ್ಟು ಒಂದೇ ಜಾಗ ಒತ್ತಿದಾಗ ಜೀವ ಹೋದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಒಂಟಿಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ ಅದು ಮೂಳೆಯಲ್ಲಿ ಕೂದಲೆಳೆ ಬಿರುಕು ಇರಬಹುದು. ಮೂಳೆ ಡಾಕ್ಟರ ಹತ್ತಿರ ಹೋಗಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದೂ ಉಂಟು, ಆದ್ದರಿಂದ ಎಕ್ಸ್‌ರೇ ಚೆನ್ನಾಗಿದೆ ಅಂತ ಮರುದಿನವೇ ಓಡಬೇಡಿ.

ಮೊಣಕಾಲು ಸವೆಯುವ ಮಾತಿಗೆ ಬರುತ್ತೇನೆ. ಇದನ್ನು ಹೇಳುವವರಲ್ಲಿ ಓಡುವವರು ಕಡಿಮೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಒಂದು ಲಕ್ಷಕ್ಕಿಂತ ಹೆಚ್ಚು ಜನರ ಲೆಕ್ಕ ಹಾಕಿದ ವರದಿ ಬಂತು. ಮೊಣಕಾಲು ಅಥವಾ ಸೊಂಟದ ಕೀಲು ಸವೆತ ಹವ್ಯಾಸಕ್ಕೆ ಓಡುವವರಲ್ಲಿ 3.5%, ಓಡದೆ ಇರುವವರಲ್ಲಿ 10.2%, ಸ್ಪರ್ಧೆಗಾಗಿ ಓಡುವವರಲ್ಲಿ 13.3%. ಇದನ್ನು ನೋಡಿ ಓಟವೇ ಮೊಣಕಾಲಿಗೆ ಮದ್ದು ಅಂತ ಹೇಳಲು ನಾನು ತಯಾರಿಲ್ಲ. ಮೊಣಕಾಲು ನೋಯುವವರು ಮೊದಲೇ ಓಟ ಬಿಟ್ಟಿರುತ್ತಾರೆ, ತೂಕ ಜಾಸ್ತಿ ಇರುವವರು ಓಟಕ್ಕೆ ಬಂದೇ ಇರುವುದಿಲ್ಲ. ಆದರೆ ವಾರಕ್ಕೆ ಎರಡು ಮೂರು ದಿನ ಮೆಲ್ಲಗೆ ಓಡುವವರ ಮೊಣಕಾಲು ಟೈರಿನ ಹಾಗೆ ಸವೆದುಹೋಗುತ್ತದೆ ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ. ಆಗಲೇ ಕೀಲು ಸವೆದಿದೆ, ಊತ ಬರುತ್ತದೆ ಅನ್ನುವವರ ವಿಷಯ ಬೇರೆ. ಅವರು ಸೈಕಲ್ ಅಥವಾ ಎಲಿಪ್ಟಿಕಲ್‌ನಲ್ಲೇ ಜೀವನಪೂರ್ತಿ ಇದ್ದರೂ ನಷ್ಟವಿಲ್ಲ.

ಕೊನೆಗೆ 520 ಮತ್ತು 340. ಓಟಕ್ಕೆ ಒಂದು ಸುಲಭ ಲೆಕ್ಕ ಇದೆ: ಕಿಲೋಮೀಟರಿಗೆ, ಕೆಜಿಗೆ ಸುಮಾರು ಒಂದು ಕ್ಯಾಲರಿ. ನೀವು 5 ಕಿಲೋಮೀಟರ್ ಓಡಿದರೆ 360. ವೇಗ ಹೆಚ್ಚಿದರೂ ಕಡಿಮೆ ಆದರೂ ಅದು ಹೆಚ್ಚು ಬದಲಾಗುವುದಿಲ್ಲ. ಎಲಿಪ್ಟಿಕಲ್‌ಗೆ ಇಂಥ ಭದ್ರವಾದ ಲೆಕ್ಕ ಇಲ್ಲ, ಅದರ ಪರದೆ ಜಾಸ್ತಿ ತೋರಿಸುವುದಕ್ಕೇ ಹೆಸರುವಾಸಿ. ಹತ್ತುವಾಗ ನಿಮ್ಮ ತೂಕ ಒತ್ತಿ ಹಾಕುತ್ತೀರಾ? ಇಲ್ಲ ಅಂದರೆ ಅದು ತನಗೆ ಗೊತ್ತಿರುವ ಯಾವುದೋ ತೂಕದ ಮನುಷ್ಯನ ಲೆಕ್ಕ ತೋರಿಸುತ್ತಿದೆ. ನೀವು ಹ್ಯಾಂಡಲ್ ಮೇಲೆ ಒರಗಿದ್ದು ಅದಕ್ಕೆ ಕಾಣುವುದಿಲ್ಲ. ಸುಮ್ಮನೆ ಕೂತಿದ್ದರೂ ಆ 45 ನಿಮಿಷಕ್ಕೆ ಖರ್ಚಾಗುತ್ತಿದ್ದ ಐವತ್ತು ಚಿಲ್ಲರೆ ಕ್ಯಾಲರಿಯನ್ನೂ ಬಹಳ ಸಲ ಅದು ಸೇರಿಸಿಕೊಂಡಿರುತ್ತದೆ. ವಾಚ್ ಎದೆಬಡಿತ ನೋಡಿ ಊಹಿಸುತ್ತದೆ, ಅದೂ ಊಹೆಯೇ, ಆದರೆ ನಿಮ್ಮ ಮೈಯಿಂದ ಹುಟ್ಟಿದ ಊಹೆ. ಎರಡರಲ್ಲಿ ಒಂದನ್ನು ಹಿಡಿಯಲೇಬೇಕು ಅಂದರೆ ವಾಚ್ ಹಿಡಿಯಿರಿ. ಊಟದ ಲೆಕ್ಕಕ್ಕೆ ಎರಡನ್ನೂ ಬಳಸಬೇಡಿ. ನಾನು ಹತ್ತಿದ ತಕ್ಷಣ ಟವೆಲ್ ತೆಗೆದು ಆ ಪರದೆ ಮೇಲೆ ಹಾಕಿಬಿಡುತ್ತೇನೆ, ಹೊತ್ತು ಕಾಣುವಷ್ಟು ಮೂಲೆ ಮಾತ್ರ ಬಿಟ್ಟು.